ಗುಳಿಗೆಗೆ ಬಗ್ಗದ ಜ್ವರ

ನಾನು ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಚಿನ್ನದ ಗಣಿಗೆ ಇಳಿದರೆ, ಪಾಳಿ ಮುಗಿಸಿ ಮೇಲೆ ಬರುವತನಕ ಅವ್ವ ಕೂತಲ್ಲಿ ಕೂಡುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು, ಬಾಗಿಲಿಗೆ ಹೋಗಿ ಬರುವಳು, ಒಲೆ ಹಚ್ಚಿ ಆರಿಸುವಳು. ಆ ಗುಣ ನನಗೂ ಅಂಟಿಕೊಂಡಿದೆ. ನನ್ನ ಕೆಲಸಕ್ಕೆ ಇದು ಹೊಂದುವ ಗುಣವಲ್ಲ. ರೋಗ ತರುವ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವ ಕೆಲಸದಲ್ಲಿ ಅರ್ಧ ಪಾಲು ಬರೀ ಕಾಯುವುದು. ಅವು ಬೆಳೆಯಬೇಕು, ಆಮೇಲೆ ಅವುಗಳ ಮೇಲೆ ಔಷಧ ಇಟ್ಟು ಮತ್ತೆ ಕಾಯಬೇಕು. ನಾನು ಅವಸರ ಮಾಡಿದರೆ ಅವು ಬೇಗ ಬೆಳೆಯುವುದಿಲ್ಲ.

ಸಿಂಧನೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಮ್ಮ ಸಂಶೋಧನೆ ನಡೆಯುತ್ತಿತ್ತು. ಈ ಭಾಗದ ಹೆಂಗಸರಿಗೆ ಮೇಲಿಂದ ಮೇಲೆ ಬರುವ ಉರಿಮೂತ್ರಕ್ಕೆ ಯಾವ ಬ್ಯಾಕ್ಟೀರಿಯಾ ಕಾರಣ, ಅದು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ತಿಳಿಯುವುದು ನಮ್ಮ ಕೆಲಸ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಆಸ್ಪತ್ರೆಗಳಿಗೆ ಬಂದ ಹೆಂಗಸರನ್ನು ಕೇಳಿ, ಅವರು ಒಪ್ಪಿದರೆ ಮೂತ್ರದ ಮಾದರಿ ತೆಗೆದುಕೊಳ್ಳುತ್ತಿದ್ದೆವು. ಮಂಜುಗಡ್ಡೆಯ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಓಡಾಡುವುದು ನನ್ನ ಪಾಲಿನ ಕೆಲಸ. ಕಂಡಕ್ಟರುಗಳು ಐಸ್‌ಕ್ರೀಂ ಮಾರುವವಳೆಂದು ತಿಳಿದಿದ್ದರು.

ಆ ಸಲ ಕಾಲುವೆಗೆ ನೀರು ಬಿಟ್ಟಿದ್ದರು. ಭತ್ತದ ನಾಟಿ ಶುರುವಾಗಿತ್ತು. ಸಿಂಧನೂರಿನ ಆಸ್ಪತ್ರೆಯಲ್ಲಿ ನಾನು ಆಕೆಯನ್ನು ನೋಡಿದ್ದು ಆಗ. ತುಂಬು ತೋಳಿನ ಗಂಡಸಂಗಿಯನ್ನು ಸೀರೆಯ ಮೇಲೆ ತೊಟ್ಟಿದ್ದಳು, ಮೊಣಕಾಲಿನವರೆಗೆ ಕೆಸರು ಒಣಗಿತ್ತು. ಐದು ತಿಂಗಳ ಬಸುರಿ. ಒಂದು ಕೈಯನ್ನು ಸೊಂಟದ ಹಿಂದೆ ಒತ್ತಿ ಹಿಡಿದಿದ್ದಳು.

"ಉರಿ ಯಾವಾಗಿಂದ ಐತವ್ವ?" ಎಂದೆ.

"ಯಾವಾಗ ಇರಂಗಿಲ್ಲ ಕೇಳ್ರಿ. ಗುಳಿಗಿ ನುಂಗಿದ್ರ ಹೋಗತೈತಿ. ನಾಕ ದಿನ ಬಿಟ್ಟು ಮತ್ತ ಬರತೈತಿ."

"ಯಾವ ಗುಳಿಗಿ?"

"ಒಮ್ಮೆ ಬಿಳೀದು, ಒಮ್ಮೆ ಹಳದಿ. ಇದ್ದದ್ದು ತಗೋತೀವ್ರಿ."

ಮಾದರಿ ಕೊಟ್ಟಳು. ಆಸ್ಪತ್ರೆಯ ವೈದ್ಯರು ಸದ್ಯಕ್ಕೆ ಗುಳಿಗೆ ಬರೆದುಕೊಟ್ಟು, ಪರೀಕ್ಷೆಯ ಫಲಿತಾಂಶ ಬಂದಮೇಲೆ ತಪ್ಪದೆ ಬರಬೇಕೆಂದು ಹೇಳಿದರು. ಹೂಂ ಎಂದಳು. ಒಂದು ಫೋನ್ ನಂಬರು ಹೇಳಿ, ಹೊರಗೆ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಹತ್ತಿ ಉಳಿದ ಹೆಂಗಸರ ನಡುವೆ ಕೂತಳು.

ಮೂರನೆಯ ದಿನ ಆಕೆಯ ಪ್ಲೇಟು ತೆಗೆದು ನೋಡಿದೆ. ಓದುಗರಿಗೆ ಇದನ್ನು ಒಂದು ಮಾತಿನಲ್ಲಿ ತಿಳಿಸುತ್ತೇನೆ. ಗಾಜಿನ ತಟ್ಟೆಯಂಥದರಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರ ಹಾಕಿ, ಮೇಲೆ ಬ್ಯಾಕ್ಟೀರಿಯಾ ಸವರಿ, ಬೇರೆ ಬೇರೆ ಔಷಧ ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ವೃತ್ತ ಉಳಿಯುತ್ತದೆ. ಕೆಲಸ ಮಾಡದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬಂದು ಆತು ಕೂರುತ್ತದೆ. ಆಕೆಯ ಪ್ಲೇಟಿನಲ್ಲಿ ಒಂದಾದ ಮೇಲೊಂದು ಬಿಲ್ಲೆಯ ಅಂಚಿಗೆ ಅದು ಆತುಕೊಂಡಿತ್ತು. ಆಕೆಗೆ ಕೊಡಬಹುದಾದ ಗುಳಿಗೆಗಳಲ್ಲಿ ಯಾವುದಕ್ಕೂ ಅದು ಬಗ್ಗಿರಲಿಲ್ಲ. ರಕ್ತನಾಳಕ್ಕೆ ಹಾಕುವ, ಬಸುರಿಗೂ ಕೊಡಬಹುದಾದ ಒಂದು ಇಂಜೆಕ್ಷನ್ನಿನ ಸುತ್ತ ಮಾತ್ರ ಅಗಲವಾದ ಖಾಲಿ ಜಾಗವಿತ್ತು.

ಇಂಥ ಪ್ಲೇಟುಗಳು ನನಗೆ ಹೊಸದಲ್ಲ. ಆದರೆ ಬಸುರಿ, ಸೊಂಟ ನೋವು, ಕೈಯಲ್ಲಿ ಕೆಲಸಕ್ಕೆ ಬಾರದ ಗುಳಿಗೆ. ಸೋಂಕು ಮೂತ್ರಪಿಂಡಕ್ಕೆ ಏರಿದರೆ ಜ್ವರ ಬರುತ್ತದೆ, ರಕ್ತಕ್ಕೆ ಇಳಿದರೆ ತಾಯಿಗೂ ಕೂಸಿಗೂ ಕುತ್ತು. ಫೋನ್ ಮಾಡಿದೆ. ಎತ್ತಿದ್ದು ಆಕೆಯಲ್ಲ, ಆಕೆಯನ್ನು ಕೆಲಸಕ್ಕೆ ಕರೆದೊಯ್ದಿದ್ದ ಮೇಸ್ತ್ರಿ ಹೆಂಗಸು. ಗಾಳಿಯ ಸದ್ದು, ಟ್ರ್ಯಾಕ್ಟರಿನ ಸದ್ದು. "ಕೇಳವಲ್ದ್ರೀ, ಆಮ್ಯಾಲೆ ಮಾಡ್ರಿ" ಎಂದು ಇಟ್ಟಳು. ಆಮೇಲೆ ಮಾಡಿದರೆ ಫೋನು ಬಂದ್ ಆಗಿತ್ತು.

ನಮ್ಮ ಸಂಶೋಧನೆಯ ಮುಖ್ಯಸ್ಥರಾದ ಹಿರಿಯ ವೈದ್ಯರ ಬಳಿ ಹೋದೆ. ಅವರು ಪ್ಲೇಟು ನೋಡಿ ನಿಟ್ಟುಸಿರು ಬಿಟ್ಟರು. "ಆಸ್ಪತ್ರೆಗೆ ತಿಳಿಸೀರಿಲ್ಲ? ನಮ್ಮ ಕೆಲಸ ಅಲ್ಲಿಗೆ ಮುಗೀತದ" ಎಂದರು. ಅವರ ಮಾತು ತಪ್ಪಲ್ಲ. ಆದರೆ ಆಸ್ಪತ್ರೆಯವರ ಬಳಿ ಇದ್ದದ್ದೂ ಅದೇ ಫೋನ್ ನಂಬರು. ನಾನು ಬಾಗಿಲಲ್ಲೇ ನಿಂತಿದ್ದೆ. ಕುರ್ಚಿ ತೋರಿಸಿದರೂ ಕೂಡಲಿಲ್ಲ. ಕಡೆಗೆ ಅವರೇ ಹೇಳಿದರು: "ಹೋಗಿ ಹುಡುಕ್ರಿ. ಆದ್ರ ಆಕಿ ವಿಷಯ ಮೊದಲು ಆಕಿಗೇ ಹೇಳಬೇಕು. ಊರ ಮಂದಿಗಲ್ಲ."

ಮಾದರಿ ಕೊಡುವಾಗ ಆಕೆ ಜವಳಗೇರಾದ ಗದ್ದೆಗೆ ನಾಟಿಗೆ ಬಂದಿದ್ದೇನೆ ಎಂದದ್ದು ನೆನಪಿತ್ತು. ಅಲ್ಲಿಗೆ ಹೋಗುವ ಬಸ್ಸು ಹಿಡಿದೆ. ಪ್ರತಿ ಸ್ಟಾಪಿನಲ್ಲೂ ನಿಲ್ಲುವ ಬಸ್ಸು. ಹತ್ತುವವರು ಹತ್ತಲಿ, ಇಳಿಯುವವರು ಇಳಿಯಲಿ, ಆದರೆ ಹತ್ತಿದ ಮೇಲೆ ಮಾತು ಮುಗಿಸಲು ಮತ್ತೆ ಕೆಳಗಿಳಿಯುವವರನ್ನು ಕಂಡು ನನ್ನ ಎದೆ ಕುದಿಯುತ್ತಿತ್ತು. ಊರಲ್ಲಿ ಕೇಳಿಕೊಂಡು ಒಡ್ಡಿನ ಮೇಲೆ ನಡೆದು ಹೋದೆ. ಸುತ್ತ ಕಣ್ಣು ಹರಿಯುವಷ್ಟು ದೂರ ನೀರು ನಿಂತ ಗದ್ದೆ. ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದ ಹೆಂಗಸರು. ಮೇಸ್ತ್ರಿ ಸೊಂಟ ನೆಟ್ಟಗೆ ಮಾಡಿ ನನ್ನನ್ನು ನೋಡಿದಳು.

"ಆಕಿ ಇಲ್ರೀ. ಗಂಡನ ಮನಿಗೆ ಹೋಗ್ಯಾಳ, ಮಸ್ಕಿಗೆ. ನಡಾ ಹಿಡದೈತಿ, ನಿಂದ್ರಾಕ ಆಗವಲ್ದು ಅಂದ್ಲು. ಬಸುರಿ ಹೆಂಗಸು, ನಾ ಯಾಕ ಹಿಡೀಲಿ?"

ಮನೆ ಎಲ್ಲಿ ಎಂದು ಕೇಳಿ ತಿಳಿದುಕೊಂಡೆ. ಹೊರಡುವ ಮುನ್ನ, ನೀರು ಚೆನ್ನಾಗಿ ಕುಡಿಯುತ್ತೀರಾ ಎಂದು ಅಲ್ಲಿದ್ದವರನ್ನು ಕೇಳಿದೆ. ರೂಢಿಯ ಪ್ರಶ್ನೆ, ಎಲ್ಲರನ್ನೂ ಕೇಳುವಂಥದ್ದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

"ಕುಡದ್ರ ಎಲ್ಲಿ ಕುಂದ್ರೂಣ್ರೀ?" ಎಂದಳು ಮೇಸ್ತ್ರಿ. "ನೀವೇ ನೋಡ್ರಿ, ಒಂದು ಗಿಡ ಐತೇನು? ಒಡ್ಡಿನ ಮ್ಯಾಲೆ ಗಂಡಸರು ಗಾಡಿ ಮ್ಯಾಲೆ ಅಡ್ಡಾಡ್ತಾರ. ಮುಂಜಾನಿ ಬರೂಮುಂದ ಹೋಗಿ ಬರ್ತೀವಿ, ಮತ್ತ ಮನಿಗೆ ಹೋದಮ್ಯಾಲೇ."

ಸುತ್ತ ನೋಡಿದೆ. ನಿಜ, ಒಂದು ಪೊದೆಯೂ ಇರಲಿಲ್ಲ. ಇಷ್ಟು ಹೊತ್ತು ಬಿಸಿಲಲ್ಲಿ ನಡೆದು, ಬಾಟಲಿಯ ನೀರೆಲ್ಲ ಕುಡಿದಿದ್ದ ನನಗೇ ಒಂದಕ್ಕೆ ಅವಸರವಾಗಿತ್ತು. ಅದನ್ನು ಹಿಡಿದುಕೊಂಡೇ ಒಡ್ಡಿನ ಮೇಲೆ ವಾಪಸು ನಡೆದೆ, ಬಸ್ಸಿಗೆ ಕಾದೆ, ಸಿಂಧನೂರಿನವರೆಗೆ ಹಲ್ಲು ಕಚ್ಚಿ ಕೂತೆ. ರಸ್ತೆಯ ಒಂದೊಂದು ಕುಣಿಯೂ ಹೊಟ್ಟೆಯ ಕೆಳಗೆ ಚುಚ್ಚುತ್ತಿತ್ತು. ಇದನ್ನು ಇಡೀ ಹಂಗಾಮು, ವರ್ಷ ವರ್ಷ, ಮಾಡುವವರ ಬಗ್ಗೆ ನಾನು "ನೀರು ಕಡಿಮೆ ಕುಡಿಯುತ್ತಾರೆ" ಎಂದಷ್ಟೇ ಬರೆಯುತ್ತಿದ್ದೆ.

ಸಿಂಧನೂರಿನ ಬಸ್‌ನಿಲ್ದಾಣದಿಂದಲೇ ಮಸ್ಕಿಯ ಬಸ್ಸು ಹತ್ತಿದೆ. ಗುಡ್ಡದ ಕೆಳಗಿನ ಓಣಿಯಲ್ಲಿ ಮನೆ. ಬಾಗಿಲಲ್ಲಿ ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಆಸ್ಪತ್ರೆಯ ಕಡೆಯವಳೆಂದು ಹೇಳಿ, ಸೊಸೆಯನ್ನು ಕಾಣಬೇಕು ಎಂದೆ. ಮುದುಕಿ ಮೊರ ಅಲುಗಿಸುವುದನ್ನು ನಿಲ್ಲಿಸಲಿಲ್ಲ.

"ಇಲ್ಲ ಆಕಿ. ಲಿಂಗಸುಗೂರಿಗೆ ಅವರಕ್ಕನ ಮನಿಗೆ ಹೋಗ್ಯಾಳ. ನಾಕ ದಿನ ಆರಾಮ ಮಾಡಿ ಬರ್ತೀನಿ ಅಂತ ನಿನ್ನೆ ಹೋದ್ಲು. ಏನಾಗೈತ್ರೀ ಆಕಿಗೆ?"

"ಆಕಿ ಜೋಡಿನೇ ಮಾತಾಡಬೇಕವ್ವ. ಹುಷಾರ್ ಅದಾಳೇನು?"

"ಸ್ವಲ್ಪ ಉರಿ, ಸ್ವಲ್ಪ ಮೈಬಿಸಿ. ಗುಳಿಗಿ ಕೊಟ್ಟೀನಿ. ದವಾಖಾನ್ಯಾಗ ಕೊಟ್ಟದ್ದು ಹತ್ತಲಿಲ್ಲಂತ, ಅದಕ ನಂದೇ ಕೊಟ್ಟೆ." ಎದ್ದು ಒಳಗೆ ಹೋಗಿ ಗೂಡಿನಿಂದ ಕತ್ತರಿಸಿದ ಗುಳಿಗೆಯ ಹಾಳೆಯೊಂದನ್ನು ತಂದು ತೋರಿಸಿದಳು. "ನನಗ ಉರಿ ಬಂದಾಗ ತಂದಿದ್ದೆ. ಎರಡು ತಗೊಂಡೆ, ಕಡಿಮ್ಯಾತು. ಉಳದದ್ದು ಯಾಕ ಹಾಳ ಮಾಡಬೇಕು? ಆಕಿಗಿ ಕೊಟ್ಟೆ."

ಹಾಳೆಯ ಮೇಲಿದ್ದ ಹೆಸರು ಓದಿದೆ. ಪ್ಲೇಟಿನಲ್ಲಿ ಆ ಔಷಧದ ಬಿಲ್ಲೆಗೆ ಬ್ಯಾಕ್ಟೀರಿಯಾ ಅಂಟಿಕೊಂಡೇ ಬೆಳೆದಿತ್ತು. ನನ್ನ ಮುಖ ಏನು ಹೇಳಿತೋ ಗೊತ್ತಿಲ್ಲ. ಮುದುಕಿ ಮೊರವನ್ನು ಒಳಗಿಟ್ಟು, ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಕೀಲಿ ಹಾಕಿದಳು. "ನಡೀರಿ. ನಾನೂ ಬರ್ತೀನಿ" ಎಂದಳು.

ಲಿಂಗಸುಗೂರಿನ ಬಸ್ಸಿನಲ್ಲಿ ಮುದುಕಿ ಕಿಟಕಿಯ ಪಕ್ಕ ಕೂತಳು. ನಾನು ಫೋನು ನೋಡುವುದು, ಹೊರಗೆ ನೋಡುವುದು, ಮತ್ತೆ ಫೋನು ನೋಡುವುದು ಮಾಡುತ್ತಿದ್ದೆ. ಆಮೇಲೆ ಆಕೆ ತಾನಾಗಿ ಹೇಳತೊಡಗಿದಳು.

"ಇದು ಎರಡನೇದ್ದು ಬಸರ. ಮೊದಲಿನ ಕೂಸು ಏಳು ತಿಂಗಳಿಗೇ ಹೊಟ್ಟ್ಯಾಗ ಹೋತು. ಆವಾಗೂ ಹಿಂಗ ಥಂಡಿಜ್ವರ ಬಂದು ಗಡಗಡ ನಡುಗಿದ್ಲು. ನೀರಾಗ ನಿಂತು ಕೆಲಸ ಮಾಡಿದ್ಕ ಹಿಂಗಾತು ಅಂತ ಓಣ್ಯಾಗೆಲ್ಲ ಅಂದ್ರು. ನಾನೂ ಅಂದೆ. ಆವಾಗೂ ಗುಳಿಗಿ ನಾನೇ ಕೊಟ್ಟಿದ್ದೆ" ಎಂದಳು.

ಅಕ್ಕನ ಮನೆ ಬಸ್‌ನಿಲ್ದಾಣದಿಂದ ದೂರವಿರಲಿಲ್ಲ. ಅಕ್ಕ ಕೆಲಸಕ್ಕೆ ಹೋಗಿದ್ದಳು. ಹಾಡಹಗಲಲ್ಲಿ, ಆ ಸೆಕೆಯಲ್ಲಿ, ಸೊಸೆ ಎರಡು ಕೌದಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೌದಿ ನಡುಗುತ್ತಿತ್ತು. ಹಣೆ ಮುಟ್ಟಿದರೆ ಕೆಂಡ.

ಅತ್ತೆಯನ್ನು ಸ್ವಲ್ಪ ಹೊರಗಿರಲು ಕೇಳಿಕೊಂಡೆ. ಹಿರಿಯ ವೈದ್ಯರು ಹೇಳಿದ್ದು ನೆನಪಿತ್ತು. ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದು ಸೊಸೆಗೆ ಹೇಳಿದೆ. ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ. ಹೋದಸಲಾನೂ ದವಾಖಾನಿಗೆ ಹೋಗಿದ್ದೆ. ಕೂಸು ಇಲ್ದಂಗ ಬಂದೆ."

ಬೈಯಬೇಕೆನಿಸಿತು, ಕೈ ಹಿಡಿದು ಎಳೆಯಬೇಕೆನಿಸಿತು. ಅದರ ಬದಲು ಫೋನು ತೆಗೆದು, ಪ್ಲೇಟಿನ ಫೋಟೋ ತೋರಿಸಿದೆ. "ಇದು ನಿನ್ನ ಒಳಗಿನ ಹುಳ. ಇಲ್ಲಿ ನೋಡು, ನೀ ನುಂಗಿದ ಗುಳಿಗಿ. ಅದರ ಮಗ್ಗಲಾಗೇ ಆರಾಮ ಬೆಳದೈತಿ. ಇಲ್ಲಿ ನೋಡು, ಇದು ಸೂಜಿ ಔಷಧ. ಇದರ ಸುತ್ತ ಒಂದೂ ಇಲ್ಲ, ಬಯಲು."

ಫೋನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಹೋದಸಲಾನೂ ಇದೇ ಹುಳ ಇತ್ತೇನ್ರೀ?"

"ಗೊತ್ತಿಲ್ಲವ್ವ. ಆವಾಗ ಯಾರೂ ನೋಡಿಲ್ಲ."

"ಯಾಕ ನೋಡಲಿಲ್ಲ?"

ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಸೌಕರ್ಯ ಎಷ್ಟು ಊರುಗಳಲ್ಲಿ ಇದೆ, ಯಾರಿಗೆ ಬರೆದುಕೊಡುತ್ತಾರೆ, ಯಾರು ಕಾಯುತ್ತಾರೆ. ಇದನ್ನೆಲ್ಲ ಜ್ವರದಲ್ಲಿ ನಡುಗುವ ಹೆಂಗಸಿಗೆ ಹೇಳಿ ಏನಾಗಬೇಕು? ಆಕೆ ನನ್ನ ಮುಖ ನೋಡಿ, ತಾನೇ ಗೋಡೆ ಹಿಡಿದು ಎದ್ದಳು. "ಅತ್ತಿನ್ನ ಕರೀರಿ. ಆಕಿಗೂ ಎಲ್ಲಾ ತಿಳೀಲಿ. ಹಿಡಕೊಳ್ಳಾಕ ಒಬ್ಬರು ಬೇಕು" ಎಂದಳು.

ಆಟೋದಲ್ಲಿ ಕರೆದುಕೊಂಡು ಹೋದೆವು. ಕೆಲಸದ ಮೇಲಿದ್ದ ವೈದ್ಯ ಚಿಕ್ಕ ವಯಸ್ಸಿನವನು, ಫಲಿತಾಂಶ ನೋಡಿದ ಕೂಡಲೇ ಮಾತು ಕಡಿಮೆ ಮಾಡಿ ಕೆಲಸ ಶುರು ಮಾಡಿದ. ರಕ್ತ ತೆಗೆದ, ಸಲೈನ್ ಹಚ್ಚಿಸಿದ, ಇಂಜೆಕ್ಷನ್ ಶುರು ಮಾಡಿಸಿದ. ಏನೇನು ಗುಳಿಗೆ ತಗೊಂಡಿದ್ದಳು ಎಂದು ಕೇಳಿದಾಗ ಮುದುಕಿ ಮುಂದೆ ಬಂದು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಆತ ತಲೆಯೆತ್ತದೆ, "ಹಿಂಗ ಅರ್ಧಮರ್ಧ ಗುಳಿಗಿ ತಿಂದು ತಿಂದೇ ಹುಳ ಗಟ್ಟಿಯಾಗ್ಯಾವು" ಎಂದ. ಬೈಗುಳವಲ್ಲ, ದಣಿದ ಮನುಷ್ಯನ ಮಾತು. ಆದರೆ ಮುದುಕಿ ನಿಂತಲ್ಲೇ ನಿಂತುಬಿಟ್ಟಳು.

ಹೊರಗಿನ ಕಟ್ಟೆಗೆ ಬಂದಾಗ ನನ್ನ ತೋಳು ಹಿಡಿದಳು.

"ಅಂದ್ರ ಮೊದಲಿನ ಕೂಸಿನ್ನ ನಾನೇ ಕೊಂದೆ ಅಂತೀರೇನು?"

"ಇಲ್ಲವ್ವ" ಎಂದೆ. ಬೇಗನೇ ಅಂದುಬಿಟ್ಟೆ. ಆಮೇಲೆ, "ಜ್ವರ ಕೊಂದೈತಿ, ನೀ ಅಲ್ಲ. ನೀ ಒಳ್ಳೇದಾಗಲಿ ಅಂತ ಕೊಟ್ಟಿ" ಎಂದು ಸೇರಿಸಿದೆ. ಆಕೆ ನನ್ನ ತೋಳು ಬಿಡಲಿಲ್ಲ. ನನ್ನ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸಮಾಧಾನ ಎಂದು ತೂಗುತ್ತಿದ್ದಳು. ನಾನೂ ಅದನ್ನೇ ತೂಗುತ್ತಿದ್ದೆ. ಆ ಕೂಸನ್ನು ಯಾವ ಸೋಂಕು ತೆಗೆದುಕೊಂಡಿತೋ, ಸೋಂಕೇ ಹೌದೋ ಅಲ್ಲವೋ, ಯಾವ ಪ್ಲೇಟಿನಲ್ಲೂ ಬೆಳೆಸಿ ನೋಡಲಾಗದು.

ಆಮೇಲಿನ ದಿನಗಳಲ್ಲಿ ನನಗೆ ಪ್ರಯೋಗಾಲಯದಲ್ಲಿ ಕೂಡಲಾಗಲಿಲ್ಲ. ಇಂಜೆಕ್ಷನ್ನಿನ ಸುತ್ತಲಿನ ಖಾಲಿ ಜಾಗ ನಾನು ಸರಿಯಾಗಿ ಅಳೆದಿದ್ದೆನೆ? ಬಿಲ್ಲೆಗಳು ಹಳೆಯವಾಗಿದ್ದವೆ? ಆ ಬ್ಯಾಕ್ಟೀರಿಯಾವನ್ನು ಮತ್ತೆ ಸವರಿ, ಹೊಸ ಬಿಲ್ಲೆಗಳನ್ನು ಇಟ್ಟು ನೋಡಿದೆ. ಅದೇ ಬಂತು. ಆದರೂ ಲಿಂಗಸುಗೂರಿನ ಬಸ್ಸು ಹತ್ತಿದೆ. ಜ್ವರ ಇಳಿದಿರಲಿಲ್ಲ. ಮರುದಿನವೂ ಪೂರ್ತಿ ಇಳಿದಿರಲಿಲ್ಲ. "ಮೂತ್ರಪಿಂಡದ ಸೋಂಕು ಮೇಡಂ, ಸ್ವಲ್ಪ ಟೈಮ್ ಬೇಕು, ನಿಮಗೇ ಗೊತ್ತಲ್ಲ" ಎಂದ ಆ ವೈದ್ಯ. ಗೊತ್ತಿತ್ತು. ಗೊತ್ತಿರುವುದಕ್ಕೂ ಕೂತಲ್ಲಿ ಕೂಡುವುದಕ್ಕೂ ಏನೂ ಸಂಬಂಧವಿರಲಿಲ್ಲ. ವರಾಂಡದ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದೆ. ಅತ್ತೆ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು. "ಕುಂದ್ರಬೇ ತಂಗಿ, ನೀ ಅಡ್ಡಾಡೂದು ನೋಡಿ ನನಗ ತಲಿ ತಿರಗಾಕತ್ತೈತಿ" ಎಂದಳು. ಅವತ್ತಿನಿಂದ ನಾನು ಆಕೆಗೆ ಮೇಡಂ ಆಗಿ ಉಳಿಯಲಿಲ್ಲ.

ಜ್ವರ ಬಿಟ್ಟ ದಿನ ಸೊಸೆ ಎದ್ದು ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಕೂಸಿನ ಎದೆಬಡಿತವನ್ನು ಆಕೆಗೆ ಕೇಳಿಸಿದರಂತೆ. "ಕುದುರಿ ಓಡಿದಂಗ ಕೇಳತೈತ್ರೀ" ಎಂದಳು. ಅತ್ತೆ ಆ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು, "ನಂದೂ ನೋಡಬೇ. ನನ್ನ ಒಳಗೂ ಐತೇನು ಅದು?" ಎಂದಳು. ಸಂಶೋಧನೆಗೆ ಒಪ್ಪಿಗೆಯ ಮಾತೆಲ್ಲ ತಿಳಿಸಿ ಮಾದರಿ ತೆಗೆದುಕೊಂಡೆ.

ಇತ್ತು. ಎರಡೂ ಒಂದೇ ಮೂಲದವೆಂದು ಖಚಿತವಾಗಿ ಹೇಳಲು ಇನ್ನೂ ಸೂಕ್ಷ್ಮ ಪರೀಕ್ಷೆ ಬೇಕು, ಆದರೆ ಬಿಲ್ಲೆಗಳ ಸುತ್ತಲಿನ ಚಿತ್ರ ಸೊಸೆಯದರಂತೆಯೇ ಇತ್ತು. ಮುದುಕಿಗೆ ಆಗ ಉರಿಯೂ ಇರಲಿಲ್ಲ, ಜ್ವರವೂ ಇರಲಿಲ್ಲ. ಹಾಗಿದ್ದಾಗ ಆಕೆಯ ವಯಸ್ಸಿನವರಿಗೆ ಔಷಧ ಕೊಡುವುದಿಲ್ಲ, ಕೊಟ್ಟರೆ ಬ್ಯಾಕ್ಟೀರಿಯಾ ಇನ್ನಷ್ಟು ಗಟ್ಟಿಯಾಗುತ್ತದೆ. ಇದನ್ನು ಮಸ್ಕಿಗೆ ಹೋಗಿ ತಿಳಿಸಿ ಹೇಳಿದೆ. ಇಂಥವು ಕರುಳಿನಲ್ಲಿ ಸುಮ್ಮನೆ ಇರುತ್ತವೆ, ಕೈಯಿಂದ ಕೈಗೆ, ನೀರಿನಿಂದ ಬಾಯಿಗೆ ದಾಟುತ್ತವೆ ಎಂದೂ ಹೇಳಿದೆ.

"ಅಂದ್ರ ಔಷಧ ಇಲ್ಲ. ಹೊಟ್ಟ್ಯಾಗ ಇಟಗೊಂಡೇ ತಿರಗಬೇಕು?"

"ಹೌದವ್ವ. ತ್ರಾಸ ಕೊಟ್ರ ಆವಾಗ ನೋಡೂಣು."

ಆಕೆ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಯಾಕೆ ನೋಡಿಕೊಂಡಳೆಂದು ಆಗ ನನಗೆ ಹೊಳೆಯಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಸ್ವಲ್ಪ ಮುಂಚೆ ಬಂತು, ಸ್ವಲ್ಪ ಸಣ್ಣದಿತ್ತು, ಆದರೆ ಗಟ್ಟಿಯಾಗಿ ಅತ್ತಿತಂತೆ. ಸುದ್ದಿ ಕೇಳಿ ನನ್ನ ಎದೆ ತಣ್ಣಗಾಯಿತು. ಒಂದೆರಡು ವಾರಕ್ಕೆ ಸೊಸೆಯೇ ಫೋನ್ ಮಾಡಿದಳು.

"ಅಕ್ಕಾರ, ಒಮ್ಮೆ ಬಂದು ಹೋಗ್ರಿ. ಅತ್ತಿ ಕೂಸಿನ್ನ ಮುಟ್ಟವಲ್ಲಳು."

ಹೋದಾಗ ಮುದುಕಿ ಹೊಸ್ತಿಲಾಚೆ ಕೂತಿದ್ದಳು. ತೊಲೆಗೆ ಸೀರೆ ಕಟ್ಟಿ ಮಾಡಿದ ಜೋಳಿಗೆಯಲ್ಲಿ ಕೂಸು ಮಲಗಿತ್ತು. ಜೋಳಿಗೆಗೆ ಕಟ್ಟಿದ ಉದ್ದನೆಯ ಹಗ್ಗದ ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದಳು. ಹೊಸ್ತಿಲಾಚೆಯಿಂದಲೇ ತೂಗುತ್ತಿದ್ದಳು. ಎದ್ದು ಬಂದು ನೋಡುವುದಿಲ್ಲವಂತೆ, ಬಾಣಂತಿಗೆ ಎಣ್ಣೆ ಹಚ್ಚಲು ಪಕ್ಕದ ಮನೆಯವಳನ್ನು ಕರೆಯುತ್ತಾಳಂತೆ.

"ಯಾಕಬೇ ಯವ್ವಾ?" ಎಂದೆ.

"ಒಂದು ಹೋತು. ಇದಕ ನನ್ನ ಕೈ ಬ್ಯಾಡ" ಎಂದಳು. ಮುಖದ ಮೇಲೆ ಅಳುವಿನ ಗುರುತೂ ಇಲ್ಲ. ತೀರ್ಮಾನ ಮಾಡಿ ಮುಗಿಸಿದವರ ಧ್ವನಿ.

ನಾನು ನಿಂತಲ್ಲಿ ನಿಲ್ಲಲಾರದೆ ಅಂಗಳಕ್ಕೆ ಹೋಗಿ ಬಂದೆ. ಎಲ್ಲರನ್ನೂ ಪರೀಕ್ಷಿಸುವವಳು ನನ್ನನ್ನು ಬಿಡಲಾರದೆ, ಕೆಲವು ವಾರಗಳ ಹಿಂದೆ ನನ್ನ ಮಲದ ಮಾದರಿಯನ್ನೂ ಪ್ಲೇಟಿಗೆ ಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದೆ.

"ನನ್ನ ಹೊಟ್ಟ್ಯಾಗೂ ಅಂಥಾದೇ ಐತಿ. ನೋಡಿಕೊಂಡೀನಿ."

ಮುದುಕಿಯ ಹೆಬ್ಬೆರಳು ನಿಂತಿತು. "ನಿನಗೂ? ಇಷ್ಟು ಓದಿ, ಇಷ್ಟು ಕೈ ತೊಳಕೊಂಡು?"

"ಹೂಂ. ಈ ಓಣ್ಯಾಗ ಎಷ್ಟೋ ಮಂದಿಗಿರಬಹುದು. ಅದಿದ್ರ ಕೂಸಿನ್ನ ಎತಗೋಬಾರದು ಅಂದ್ರ ಊರಾಗ ಯಾರೂ ಎತಗೊಳ್ಳಂಗಿಲ್ಲ. ಕೈ ತೊಳಕೊಂಡು ಎತಗೋಬೇಕು, ಅಷ್ಟೇ."

ಬಚ್ಚಲಿಗೆ ಹೋಗಿ, ಸೋಪು ಹಚ್ಚಿ, ಬೆರಳ ಸಂದಿ, ಉಗುರು ಎಲ್ಲ ಆಕೆಗೆ ಕಾಣುವಂತೆ ತೊಳೆದೆ. ಬಂದು ಕೂಸನ್ನು ಎತ್ತಿಕೊಂಡೆ. ಸೊಸೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಮುದುಕಿ ಮೆಲ್ಲಗೆ ಹೆಬ್ಬೆರಳಿನಿಂದ ಹಗ್ಗ ಬಿಡಿಸಿ ಎದ್ದಳು. ಬಚ್ಚಲಲ್ಲಿ ನೀರಿನ ಸದ್ದು ನಿಲ್ಲಲೇ ಇಲ್ಲ. ಮೊಣಕೈವರೆಗೆ ತೊಳೆದಳು, ಒರೆಸಿಕೊಳ್ಳದೆ ಮತ್ತೆ ತೊಳೆದಳು. "ಸಾಕು ಬಾರಬೇ ಅತ್ತಿ, ಚರ್ಮ ಸುಲದೀತು" ಎಂದು ಸೊಸೆ ಕೂಗಿದಳು.

ಒದ್ದೆ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ಬಂದಳು. ನಾನು ಕೂಸನ್ನು ಆಕೆಯ ತೋಳಿಗಿಟ್ಟೆ. ಅದನ್ನು ಮೈಗೆ ತಾಗಿಸದೆ, ತುಂಬಿದ ಕೊಡ ಹಿಡಿದಂತೆ ಮುಂದೆ ಹಿಡಿದು ನಿಂತಳು. ಕೂಸು ಕಣ್ಣು ಬಿಟ್ಟು, ಮುಖ ಕಿವಿಚಿ, ಅಲ್ಲೇ ಉಚ್ಚೆ ಹೊಯ್ದಿತು. ಅಜ್ಜಿಯ ಕೈ, ಸೆರಗು, ಎಲ್ಲ ತೊಯ್ದವು.

ಮುದುಕಿ ನಕ್ಕಳು. ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. "ನೋಡಬೇ, ಅಳಲಾರದ ಹೊಯ್ದಾಳ. ಉರಿ ಇಲ್ಲ ನನ್ನ ಬಂಗಾರಕ್ಕ" ಎಂದು ಕೂಸನ್ನು ಎದೆಗೆ ಒತ್ತಿಕೊಂಡಳು. ಸೊಸೆ ಒಣಬಟ್ಟೆ ಹುಡುಕಲು ಎದ್ದಳು, ಇವಳು ಬೇಡವೆಂದಳು, ಇಬ್ಬರಿಗೂ ಅದರ ಮೇಲೆಯೇ ಜಗಳ ಶುರುವಾಯಿತು.

ನನಗೆ ದಢೇಸುಗೂರಿಗೆ ಹೋಗುವುದಿತ್ತು. ಅಲ್ಲಿಯ ಒಬ್ಬಳ ಪ್ಲೇಟು ಮುಂಜಾನೆಯೇ ತೆಗೆದು ನೋಡಿದ್ದೆ, ಬಿಲ್ಲೆಗಳ ಸುತ್ತ ಖಾಲಿ ಜಾಗ ಕಡಿಮೆಯಿತ್ತು. ಆಕೆಯ ಫೋನು ಹತ್ತುತ್ತಿರಲಿಲ್ಲ. ಚಹಾ ಕುಡಿದು ಹೋಗೆಂದು ಮುದುಕಿ ಕೂಗುತ್ತಿದ್ದಂತೆಯೇ ನಾನು ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ನಡೆದಿದ್ದೆ.